ಕಡಲಾಚೆ ಬಾಡಿಗೆ ಕಾರು: ಲೈಸನ್ಸ್ ತಪ್ಪಿದರೆ ವಿಮೆಯೂ ಇಲ್ಲ

ನಿಪ್ಪಾಣಿಯಲ್ಲಿ ಹಳೇ ಗಾಡಿ ಕೊಳ್ಳುವವರು ಮೊದಲು ಕೇಳುವುದು, "ಯಾವ ಪಾಸಿಂಗ್ ಐತ್ರೀ?" ಚಿಕ್ಕೋಡಿಯದಾದರೆ ಕೆಎ-23, ಬೆಳಗಾವಿಯದಾದರೆ ಕೆಎ-22, ಕೊಗನೊಳಿ ನಾಕಾದ ಆಚೆಗಿನದಾದರೆ ಕೊಲ್ಹಾಪುರದ ಎಂಎಚ್-09. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ತವಂದಿ ಘಾಟ್ ಏರುವ ಸಾಲಿನಲ್ಲಿ ಈ ಮೂರೂ ಒಂದರ ಬೆನ್ನಿಗೊಂದು ಇರುತ್ತವೆ. ಬೇರೆ ರಾಜ್ಯದ ಗಾಡಿಯನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲೇ ಓಡಿಸುವುದಾದರೆ ಇಲ್ಲಿಯ ನಂಬರ್ ಹಾಕಿಸಬೇಕು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 47ನೇ ಕಲಂ. ಕಲಮಿನ ಸಂಖ್ಯೆ ನೆನಪಿರದವರಿಗೂ ಆ ಹನ್ನೆರಡು ತಿಂಗಳ ಲೆಕ್ಕ ಗೊತ್ತು. ಗಡಿ ದಾಟಿದರೆ ಕಾಗದಪತ್ರದ ಲೆಕ್ಕ ಬದಲಾಗುತ್ತದೆ ಎಂಬುದನ್ನು ಈ ಊರಿಗೆ ಯಾರೂ ಕಲಿಸಬೇಕಾಗಿಲ್ಲ.

ಆದರೆ ಇದೇ ಊರಿನವರು ಮಗಳ ಬಾಣಂತನಕ್ಕೆಂದು ಕ್ಯಾಲಿಫೋರ್ನಿಯಾಕ್ಕೆ, ಮಗನ ಪದವಿ ಸಮಾರಂಭಕ್ಕೆಂದು ಇಂಗ್ಲೆಂಡಿಗೆ, ಗೆಳೆಯರ ಜೊತೆ ಫುಕೆಟ್‌ಗೆ ಹೋದಾಗ "ಲೈಸನ್ಸ್ ಐತಲ್ಲ, ಸಾಕು" ಎಂದು ಬಾಡಿಗೆ ಗಾಡಿಯ ಕೀಲಿ ಈಸಿಕೊಳ್ಳುತ್ತಾರೆ. ಅದು ಸಾಲದು. ಲೈಸನ್ಸ್ ಅಂದರೆ ಪೊಲೀಸರಿಗೆ ತೋರಿಸುವ ಕಾರ್ಡು ಎಂದಷ್ಟೇ ನಾವು ತಿಳಿದಿದ್ದೇವೆ. ಬಾಡಿಗೆ ಗಾಡಿಯ ಕರಾರಿನಲ್ಲಿ ಅದು ವಿಮೆಯ ಮೊದಲ ಷರತ್ತು. ಆ ದೇಶದ ಲೆಕ್ಕದಲ್ಲಿ ನಿಮ್ಮ ಲೈಸನ್ಸ್ ಸಲ್ಲದಿದ್ದರೆ, ಕೌಂಟರಿನಲ್ಲಿ ಎಷ್ಟೇ ದುಡ್ಡು ಕೊಟ್ಟು ಕೊಂಡ ರಕ್ಷಣೆಯೂ ಅಪಘಾತದ ದಿನ ಕೈಕೊಡಬಹುದು.

ಇದಕ್ಕೆ ನಮ್ಮ ಕಡೆಯಿಂದ ಆಗಬೇಕಾದ ಕೆಲಸ ಚಿಕ್ಕದು. 1949ರ ಜಿನೀವಾ ರಸ್ತೆ ಸಂಚಾರ ಒಪ್ಪಂದಕ್ಕೆ ಭಾರತ ಸೇರಿರುವುದರಿಂದ ನಮ್ಮ ಆರ್‌ಟಿಓ ಕಚೇರಿಯೇ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಕೊಡುತ್ತದೆ. ಎಲ್ಲರೂ ಐಡಿಪಿ ಎನ್ನುವುದು ಇದನ್ನೇ. ಸಾರಥಿ ಪೋರ್ಟಲ್‌ನಲ್ಲಿ ಅರ್ಜಿ, ನಮೂನೆ 4ಎ, ಶುಲ್ಕ 1,000 ರೂಪಾಯಿ, ಅವಧಿ ಒಂದು ವರ್ಷ. ಬೂದು ಬಣ್ಣದ ರಟ್ಟಿನ ಸಣ್ಣ ಪುಸ್ತಿಕೆ. ಒಳಪುಟಗಳಲ್ಲಿ ಒಂದೇ ಮಾಹಿತಿ ಹಲವು ಭಾಷೆಗಳಲ್ಲಿ ಇರುತ್ತದೆ. 2022ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ದೇಶಕ್ಕೆಲ್ಲ ಒಂದೇ ನಮೂನೆ ತಂದು, ಮೂಲ ಲೈಸನ್ಸ್‌ಗೆ ಕೊಂಡಿಯಾಗಿ ಕ್ಯೂಆರ್ ಕೋಡ್ ಸೇರಿಸಿತು. ವೀಸಾ ಕೈಗೆ ಬರುವ ತನಕ ಅರ್ಜಿ ಹಾಕುವಂತಿಲ್ಲ ಎಂಬ ಕಟ್ಟು 2021ರ ಜನವರಿಯಲ್ಲೇ ಹೋಯಿತು. ಆದ್ದರಿಂದ ಟಿಕೆಟ್ ತೆಗೆಸಿದ ವಾರವೇ ಚಿಕ್ಕೋಡಿಯ ಕೆಲಸ ಮುಗಿಸಿಕೊಳ್ಳಬಹುದು. "ಮನೆಯಲ್ಲೇ ಕೂತು ಅಂತಾರಾಷ್ಟ್ರೀಯ ಲೈಸನ್ಸ್ ಪಡೆಯಿರಿ" ಎಂದು ಡಾಲರಿನಲ್ಲಿ ಹಣ ಕೇಳುವ ಖಾಸಗಿ ಜಾಲತಾಣಗಳ ಕಾರ್ಡಿಗೆ ಈ ಒಪ್ಪಂದದ ಮಾನ್ಯತೆ ಇಲ್ಲ, ದಯವಿಟ್ಟು ಆ ಕಡೆ ತಿರುಗಬೇಡಿ.

ಐಡಿಪಿ ಒಂದೇ ಇದ್ದರೂ ನಡೆಯುವುದಿಲ್ಲ, ಅದರ ಜೊತೆ ಅಸಲು ಲೈಸನ್ಸ್ ಇರಲೇಬೇಕು. ಅಸಲಿನ ಅವಧಿ ಮುಗಿದರೆ ಐಡಿಪಿಯೂ ಮುಗಿದಂತೆ. 55 ದಾಟಿದವರಿಗೆ ಲೈಸನ್ಸ್ ನವೀಕರಣ ಆಗುವುದು ಐದೈದು ವರ್ಷಕ್ಕೆ. ಮಕ್ಕಳ ಮನೆಗೆ ಆರು ತಿಂಗಳಿಗೆಂದು ಹೊರಡುವ ಅಪ್ಪ-ಅವ್ವ ಪಾಸ್‌ಪೋರ್ಟಿನ ದಿನಾಂಕವನ್ನು ಹತ್ತು ಸಲ ನೋಡುತ್ತಾರೆ, ಲೈಸನ್ಸಿನ ದಿನಾಂಕ ಮರೆತೇಬಿಡುತ್ತಾರೆ.

ಇನ್ನು ಅವಧಿಯ ಮಾತು. ಪ್ರವಾಸಿಗೆ ಸಲ್ಲುವ ಲೈಸನ್ಸ್ ಅಲ್ಲಿಯೇ ನೆಲೆ ನಿಂತವರಿಗೆ ಸಲ್ಲುವುದಿಲ್ಲ. ಬ್ರಿಟನ್ನಿನಲ್ಲಿ ನಮ್ಮ ಲೈಸನ್ಸ್ ಹನ್ನೆರಡು ತಿಂಗಳು ನಡೆಯುತ್ತದೆ, ಆಮೇಲೆ ಅಲ್ಲಿಯ ಪರೀಕ್ಷೆ ಪಾಸಾಗಲೇಬೇಕು. ಜರ್ಮನಿಯಲ್ಲಿ ನೆಲೆಸಿದವರಿಗೆ ಸಿಗುವುದು ಆರು ತಿಂಗಳು. ಕ್ಯಾಲಿಫೋರ್ನಿಯಾದಲ್ಲಿ ಹದಿನೆಂಟು ದಾಟಿದ ಪ್ರವಾಸಿ ಊರಿನ ಲೈಸನ್ಸಿನಲ್ಲೇ ಓಡಿಸಬಹುದು. ಅಲ್ಲಿ ನೆಲೆಸಿದವರು ಹತ್ತು ದಿನದೊಳಗೆ ಅಲ್ಲಿಯ ಲೈಸನ್ಸಿಗೆ ಅರ್ಜಿ ಹಾಕಬೇಕು. ದುಬೈಯಲ್ಲಿ ಈ ಗೆರೆ ಇನ್ನೂ ಗಟ್ಟಿ. ವಿಸಿಟ್ ವೀಸಾದಲ್ಲಿದ್ದಾಗ ಐಡಿಪಿ ತೋರಿಸಿ ಕಾರು ಬಾಡಿಗೆಗೆ ಪಡೆದವನು, ರೆಸಿಡೆನ್ಸ್ ವೀಸಾ ಬಂದ ಮೇಲೆ ಅದೇ ಕಾಗದದಲ್ಲಿ ಓಡಿಸುವಂತಿಲ್ಲ. ಕೆಲಸ ಹುಡುಕಿಕೊಂಡು ಹೋಗಿ ಅಲ್ಲೇ ನಿಲ್ಲುವ ನಮ್ಮ ಹುಡುಗರು ಎಡವುವ ಜಾಗ ಇದು.

ವಿಮೆಯ ವಿಷಯದಲ್ಲಿ ನಮ್ಮ ದೇಶದ ಕಾನೂನು ಕರುಣೆಯುಳ್ಳದ್ದು ಎಂದೇ ಹೇಳಬೇಕು. ಥರ್ಡ್ ಪಾರ್ಟಿ ವಿಮೆ ಇಲ್ಲದೆ ಗಾಡಿ ರಸ್ತೆಗಿಳಿಯುವಂತಿಲ್ಲ. ಸಾವು ಅಥವಾ ಗಾಯವಾದರೆ ನ್ಯಾಯಮಂಡಳಿ ಹೇಳಿದಷ್ಟನ್ನು ಕಂಪನಿ ಕಟ್ಟಬೇಕು. ಡ್ರೈವರ್ ಬಳಿ ಸರಿಯಾದ ಲೈಸನ್ಸ್ ಇಲ್ಲದಿದ್ದರೂ ಮೊದಲು ಸಂತ್ರಸ್ತರಿಗೆ ಕೊಟ್ಟು, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳುವ ದಾರಿಯನ್ನು ಸುಪ್ರೀಂ ಕೋರ್ಟ್ 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಗಟ್ಟಿಗೊಳಿಸಿತು. ಈ ಆಸರೆಯಲ್ಲಿ ಬೆಳೆದ ನಮಗೆ "ಗಾಡಿಗೆ ಇನ್ಶೂರೆನ್ಸ್ ಐತಿ" ಎಂಬ ಒಂದೇ ಮಾತು ಧೈರ್ಯ ತುಂಬುತ್ತದೆ.

ಅಮೆರಿಕದಲ್ಲಿ ಅದೇ ಮಾತಿಗೆ ಅಷ್ಟು ಬೆಲೆ ಇಲ್ಲ. ಕ್ಯಾಲಿಫೋರ್ನಿಯಾದ ಕಾನೂನು ಕೇಳುವ ಕನಿಷ್ಠ ವಿಮೆ 2025ರ ಜನವರಿಯಿಂದ ಒಬ್ಬರ ಗಾಯಕ್ಕೆ 30,000 ಡಾಲರ್, ಇಡೀ ಅಪಘಾತಕ್ಕೆ 60,000 ಡಾಲರ್. ಅದಕ್ಕೂ ಮೊದಲು ಇದರ ಅರ್ಧದಷ್ಟೇ ಇತ್ತು. ಅಲ್ಲಿಯ ಆಸ್ಪತ್ರೆಯ ಖರ್ಚಿನ ಮುಂದೆ ಈ ಮೊತ್ತ ಎಷ್ಟು ದಿನಕ್ಕೆ ಬಂದೀತು? ಮಿಕ್ಕಿದ್ದನ್ನು ಓಡಿಸಿದವನ ಮೇಲೇ ಹೊರಿಸಬಹುದು. ಅದಕ್ಕೇ ಬಾಡಿಗೆ ಕಂಪನಿಗಳು ಹೆಚ್ಚುವರಿ ಲಯಬಿಲಿಟಿ ರಕ್ಷಣೆ ಮಾರುತ್ತವೆ. ಕೌಂಟರಿನಲ್ಲಿ ಒಂದಕ್ಕೇ ಖರ್ಚು ಮಾಡುವುದಾದರೆ ಇದಕ್ಕೆ ಮಾಡಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಗಾಡಿಗೆ ಬಿದ್ದ ತರಚನ್ನು ಹೇಗೋ ತುಂಬಿಕೊಡಬಹುದು, ಇನ್ನೊಬ್ಬರ ಮೈಗೆ ಆದ ಗಾಯವನ್ನು ಹಾಗೆ ತುಂಬಲಾಗದು.

ಗಾಡಿಯ ಹಾನಿಗೆಂದು ಕೊಡುವ ಸಿಡಿಡಬ್ಲ್ಯು, ಅಂದರೆ ಕೊಲಿಜನ್ ಡ್ಯಾಮೇಜ್ ವೇವರ್, ಹೆಚ್ಚಿನ ಕಡೆ ವಿಮೆಯೇ ಅಲ್ಲ. ಕರಾರಿನ ಪ್ರಕಾರ ನಡೆದುಕೊಂಡರೆ ನಷ್ಟವನ್ನು ನಿಮ್ಮಿಂದ ಕೇಳುವುದಿಲ್ಲ ಎಂದು ಕಂಪನಿ ಕೊಡುವ ಮಾತು ಅಷ್ಟೇ. ಯುರೋಪಿನಲ್ಲಿ ಅದರ ಮೇಲೂ ಎಕ್ಸೆಸ್ ಎಂದು ಸಾವಿರ, ಎರಡು ಸಾವಿರ ಯೂರೋ ನಿಮ್ಮ ಪಾಲಿಗೇ ಇರುತ್ತದೆ. ಗಾಡಿ ಕೊಡುವಾಗ ನಿಮ್ಮ ಕ್ರೆಡಿಟ್ ಕಾರ್ಡಿನಲ್ಲಿ ತಡೆಹಿಡಿಯುವುದು ಬಹುತೇಕ ಆ ಮೊತ್ತವನ್ನೇ. ಕಾರ್ಡು ಓಡಿಸುವವರ ಹೆಸರಿನಲ್ಲೇ ಇರಬೇಕು. ಟೈರು, ಗಾಜು, ಗಾಡಿಯ ತಳಭಾಗ ಅನೇಕ ಕರಾರುಗಳಲ್ಲಿ ಹೊರಗೆ. ಡೀಸೆಲ್ ಗಾಡಿಗೆ ಪೆಟ್ರೋಲ್ ತುಂಬಿಸಿದರೆ ಆ ಖರ್ಚೂ ನಿಮ್ಮದೇ. ಊರಿನಲ್ಲಿ ತೆಗೆಸಿದ ಟ್ರಾವೆಲ್ ಇನ್ಶೂರೆನ್ಸ್ ಇದನ್ನೆಲ್ಲ ನೋಡಿಕೊಳ್ಳುತ್ತದೆ ಎಂದು ನಂಬಿದವರು ಪಾಲಿಸಿಯ ಹೊರಗಿಟ್ಟವುಗಳ ಪುಟ ಓದಲಿ. ಮೋಟಾರು ವಾಹನದಿಂದ ಬರುವ ಹೊಣೆಯನ್ನು ಹೆಚ್ಚಿನ ಪಾಲಿಸಿಗಳು ಹೊರಗಿಡುತ್ತವೆ.

ಎಲ್ಲಕ್ಕಿಂತ ಸುಲಭವಾಗಿ ಆಗುವ ತಪ್ಪು ಮನೆಯವರ ನಡುವೆಯೇ ಆಗುತ್ತದೆ. ಗಾಡಿ ಮಗನ ಹೆಸರಲ್ಲಿ ಬಾಡಿಗೆಗೆ ಬಂದಿದೆ. ನಾಲ್ಕು ತಾಸು ಓಡಿಸಿ ಮಗ ದಣಿದಿದ್ದಾನೆ. "ತಾ ಇಲ್ಲಿ, ಮೂವತ್ತು ವರ್ಷ ಓಡಿಸೇನಿ" ಎಂದು ಅಪ್ಪ ಸ್ಟೇರಿಂಗ್ ಹಿಡಿಯುತ್ತಾರೆ. ಕರಾರಿನಲ್ಲಿ ಅಪ್ಪನ ಹೆಸರಿಲ್ಲ. ಆ ಗಳಿಗೆಯಿಂದ ವೇವರ್ ಇಲ್ಲ, ಬಹಳ ಸಲ ಹೆಚ್ಚುವರಿ ರಕ್ಷಣೆಯೂ ಇಲ್ಲ. ಹೆಸರು ಸೇರಿಸಲು ಕಂಪನಿ ಕೇಳುವ ದಿನದ ಶುಲ್ಕ ಸಣ್ಣದು. ಕೀಲಿ ಪಡೆಯುವಾಗಲೇ ಇಬ್ಬರೂ ಕೌಂಟರಿಗೆ ಹೋಗಿ ಇಬ್ಬರ ಲೈಸನ್ಸೂ ತೋರಿಸಿ. ಮಗಳ ಸ್ವಂತ ಕಾರನ್ನು ಓಡಿಸುವುದಾದರೂ, ತಿಂಗಳುಗಟ್ಟಲೆ ಆ ಮನೆಯಲ್ಲೇ ಇರುವವರ ಹೆಸರು ಪಾಲಿಸಿಗೆ ಸೇರಬೇಕೇ ಎಂದು ಆಕೆ ತನ್ನ ವಿಮಾ ಕಂಪನಿಯನ್ನು ಕೇಳಲಿ.

ಫುಕೆಟ್‌ನ ಸ್ಕೂಟರಿನ ಕಥೆಯೂ ಇಂಥದ್ದೇ. ಐಡಿಪಿಯಲ್ಲಿ ಎ ಎಂದರೆ ಮೋಟಾರ್ ಸೈಕಲ್, ಬಿ ಎಂದರೆ ಕಾರು. ಕಾರಿನ ಲೈಸನ್ಸ್ ಮಾತ್ರ ಇದ್ದವನ ಪುಸ್ತಿಕೆಯಲ್ಲಿ ಎ ಮುಂದೆ ಮುದ್ರೆ ಇರುವುದಿಲ್ಲ. ಆತ ಸ್ಕೂಟರಿನಿಂದ ಬಿದ್ದರೆ ಟ್ರಾವೆಲ್ ಇನ್ಶೂರೆನ್ಸ್‌ನವರು ಮೊದಲು ತೆಗೆದು ನೋಡುವ ಪುಟ ಅದೇ.

ಇಷ್ಟಕ್ಕೂ ಗೋವಾಕ್ಕೆ ಹೋಗುವಾಗಲೇ ಈ ಅಭ್ಯಾಸ ಶುರುವಾಗಬೇಕು. 1989ರ ರೆಂಟ್-ಎ-ಕ್ಯಾಬ್ ಯೋಜನೆಯಡಿ ಬರುವ ಸೆಲ್ಫ್ ಡ್ರೈವ್ ಗಾಡಿಗೆ ಕಪ್ಪು ಪಟ್ಟಿಯ ಮೇಲೆ ಹಳದಿ ಅಕ್ಷರ. ಆಜರಾ, ಆಂಬೋಲಿ ಘಾಟ್ ಇಳಿದು ಹೋಗುವ ನಮ್ಮವರು ಗುರುತಿನವರ ಬಿಳಿ ಬೋರ್ಡಿನ ಗಾಡಿಯನ್ನು ದಿನಕ್ಕಿಷ್ಟು ಎಂದು ಕೊಟ್ಟು ಒಯ್ಯುತ್ತಾರೆ. ಸ್ವಂತ ಬಳಕೆಗೆಂದು ವಿಮೆ ಮಾಡಿಸಿದ ಗಾಡಿ ಬಾಡಿಗೆಗೆ ಹೋಗಿತ್ತೆಂದು ಗೊತ್ತಾದರೆ ಕಂಪನಿ ಕ್ಲೇಮ್ ತಳ್ಳಿಹಾಕಲು ಕಾರಣ ಸಿಕ್ಕಂತೆ.

ವಿದೇಶದಲ್ಲಿ ಗಾಡಿ ಪಡೆಯುವಾಗಲೂ ಮರಳಿಸುವಾಗಲೂ ನಾಲ್ಕೂ ಬದಿ, ಚಕ್ರ, ಇಂಧನದ ಮುಳ್ಳು ಕಾಣುವಂತೆ ವಿಡಿಯೊ ಮಾಡಿಟ್ಟುಕೊಳ್ಳಿ. ಅಪಘಾತವಾದರೆ ಪೊಲೀಸ್ ವರದಿಯ ಸಂಖ್ಯೆ ಇಲ್ಲದೆ ಆ ಜಾಗ ಬಿಡಬೇಡಿ. ಕಾರ್ಡಿನ ಲೆಕ್ಕವನ್ನು ಊರಿಗೆ ಬಂದ ಮೇಲೂ ನೋಡುತ್ತಿರಿ: ಇಟಲಿಯ ಹಳೇ ಪೇಟೆಗಳಲ್ಲಿ ಹೊರಗಿನ ಗಾಡಿ ಹೋಗಬಾರದ ಓಣಿಗಳಿವೆ, ಕ್ಯಾಮೆರಾ ಹಿಡಿದ ದಂಡದ ನೋಟಿಸನ್ನು ಪರದೇಶದವರಿಗೆ ಕಳಿಸಲು ಅಲ್ಲಿಯ ಕಾನೂನು 360 ದಿನ ಕೊಡುತ್ತದೆ, ನಿಮ್ಮ ವಿಳಾಸ ಒದಗಿಸಿದ್ದಕ್ಕೆ ಬಾಡಿಗೆ ಕಂಪನಿ ಬೇರೆಯದೇ ಶುಲ್ಕ ಮುರಿದುಕೊಳ್ಳುತ್ತದೆ.