ಇಗ್ನಾಲಿನದ ಪರಮಾಣು ವಿದ್ಯುದಾಗಾರ

ಪರಮಾಣುವೆಂಬ ಶಬ್ದವು ವೈಶೇಷಿಕರಲ್ಲಿ ನಿರವಯವವಾದ, ಇನ್ನು ಭೇದಿಸಲಾಗದ ದ್ರವ್ಯಾಂಶಕ್ಕೆ ಸಲ್ಲತಕ್ಕುದು. ಯವನರ 'ಆಟಮ್' ಶಬ್ದದ ಅರ್ಥವೂ ಅದೇ. ಆಧುನಿಕರಾದರೋ ಭೇದಿಸಲ್ಪಡುವ ವಸ್ತುವಿಗೇ ಆ ಹೆಸರನ್ನು ಉಳಿಸಿಕೊಂಡಿರುವರು. ಯೋಗಾರ್ಥವನ್ನು ರೂಢಿಯು ಮೀರುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯದು. ಯುರೇನಿಯಮ್ಮಿನ ಪರಮಾಣುಗರ್ಭವು ನ್ಯೂಟ್ರಾನೆಂಬ ಕಣದಿಂದ ಒಡೆದು ಶಾಖವನ್ನೂ ಬೇರೆ ಎರಡು ಮೂರು ನ್ಯೂಟ್ರಾನುಗಳನ್ನೂ ಹೊರಸೂಸುವುದು. ಅವು ಮತ್ತೆ ಬೇರೆ ಗರ್ಭಗಳನ್ನು ಒಡೆಯುವುವು. ಈ ಪರಂಪರೆಯನ್ನು ಮಿತಿಯಲ್ಲಿರಿಸಿ ಅದರ ಶಾಖವನ್ನು ಬಳಸುವ ಯಂತ್ರವೇ ರಿಯಾಕ್ಟರು.

ಲಿಥುವೇನಿಯದ ಈಶಾನ್ಯದಲ್ಲಿ ದ್ರೂಕ್ಶೈ ಎಂಬ ಸರೋವರದ ತಡಿಯಲ್ಲಿ ಸೋವಿಯತ್ ಸರಕಾರವು ಇಂತಹ ಎರಡು ರಿಯಾಕ್ಟರುಗಳನ್ನು ನಿಲ್ಲಿಸಿತು. ಮೊದಲನೆಯದು ೧೯೮೩ರ ದಶಂಬರ ೩೧ರಂದು, ಎರಡನೆಯದು ೧೯೮೭ರ ಆಗಸ್ಟಿನಲ್ಲಿ ವಿದ್ಯುತ್ತನ್ನು ಕೊಡತೊಡಗಿದುವು. ಮೂರನೆಯದು ಪೂರ್ಣಗೊಳ್ಳಲೇ ಇಲ್ಲ. ಕೆಲಸಗಾರರಿಗಾಗಿ ೧೯೭೫ರಲ್ಲಿ ಕಟ್ಟಲಾರಂಭಿಸಿದ ಪಟ್ಟಣಕ್ಕೆ ಕಮ್ಯೂನಿಸ್ಟ್ ಮುಖಂಡ ಸ್ನೆಚ್ಕುಸನ ಹೆಸರಿತ್ತು. ೧೯೯೨ರಲ್ಲಿ ಅದನ್ನು ತೆಗೆದು ವಿಸಾಗಿನಾಸ್ ಎಂದು ಕರೆದರು.

ಒಂದೊಂದು ರಿಯಾಕ್ಟರಿಗೂ ೧೫೦೦ ಮೆಗಾವ್ಯಾಟು ವಿದ್ಯುತ್ತನ್ನು ಉದ್ದೇಶಿಸಿದ್ದರು. ಅಂದಿಗೆ ಅಷ್ಟು ದೊಡ್ಡದು ಲೋಕದಲ್ಲಿ ಬೇರೊಂದಿರಲಿಲ್ಲ. ರಷ್ಯನರು ಈ ಜಾತಿಯನ್ನು ಆರ್‌ಬಿಎಂಕೆ ಎನ್ನುವರು. 'ಮಹಾಶಕ್ತಿಯ ನಾಳಯುಕ್ತ ರಿಯಾಕ್ಟರು' ಎಂದು ಅದರ ಅರ್ಥ. ಸೀಸದಕಡ್ಡಿಯೊಳಗಿನ ಕರಿಯ ವಸ್ತುವಾದ ಗ್ರಾಫೈಟಿನ ಇಟ್ಟಿಗೆಗಳನ್ನು ಸುಮಾರು ೭ ಮೀಟರು ಎತ್ತರಕ್ಕೆ ಪೇರಿಸಿ, ಅವುಗಳ ನಡುವೆ ೧೬೬೧ ನಾಳಗಳಲ್ಲಿ ಇಂಧನವನ್ನಿರಿಸಿ, ನಾಳದೊಳಗೆ ನೀರನ್ನು ಹರಿಸಿ ಕುದಿಸುವರು. ಗ್ರಾಫೈಟು ನ್ಯೂಟ್ರಾನುಗಳ ವೇಗವನ್ನು ತಗ್ಗಿಸಿ ಅವು ಇಂಧನವನ್ನು ಭೇದಿಸುವಂತೆ ಮಾಡುವುದು. ನೀರು ಶಾಖವನ್ನೊಯ್ಯುವುದಲ್ಲದೆ ಕೆಲವು ನ್ಯೂಟ್ರಾನುಗಳನ್ನು ನುಂಗುವುದು. ಆದುದರಿಂದ ನೀರು ಹೆಚ್ಚಾಗಿ ಕುದಿದು ಉಗಿಯಾದಂತೆಲ್ಲ ನುಂಗುವುದು ಕಡಮೆಯಾಗಿ ಶಕ್ತಿಯು ಏರುವುದು. ಶಕ್ತಿಯೇರಿದಂತೆ ಕುದಿತವೂ ಏರುವುದು. ಇದು ಮೊದಲನೆಯ ದೋಷ.

ಎರಡನೆಯದು ಹೆಚ್ಚು ವಿಚಿತ್ರವಾದುದು. ಪರಂಪರೆಯನ್ನು ತಡೆಯುವುದಕ್ಕೆ ಬೋರಾನು ಸೇರಿದ ದಂಡಗಳಿರುವುವು. ದಂಡವನ್ನು ಮೇಲೆತ್ತಿದಾಗ ಅದರ ಸ್ಥಾನದಲ್ಲಿ ನೀರು ತುಂಬಿ ನ್ಯೂಟ್ರಾನುಗಳು ವ್ಯರ್ಥವಾಗಬಾರದೆಂದು ಅದರ ಕೆಳಗೆ ಗ್ರಾಫೈಟಿನ ತುಂಡೊಂದನ್ನು ಜೋಡಿಸಿದ್ದರು. ಆದರೆ ತುಂಡು ನಾಳದಷ್ಟು ಉದ್ದವಲ್ಲ. ದಂಡವು ಪೂರ್ತಿ ಮೇಲಿರುವಾಗ ತುಂಡಿನ ಕೆಳಗೆ ಒಂದೂಕಾಲು ಮೀಟರಿನಷ್ಟು ನೀರು ನಿಲ್ಲುವುದು. ಈಗ ರಿಯಾಕ್ಟರನ್ನು ನಿಲ್ಲಿಸಲೆಂದು ದಂಡಗಳನ್ನು ಇಳಿಸಿದರೆ, ಗ್ರಾಫೈಟು ಮುಂದಾಗಿ ಆ ನೀರನ್ನು ತಳ್ಳಿಬಿಡುವುದರಿಂದ, ತಳಭಾಗದಲ್ಲಿ ಕೆಲವು ಕ್ಷಣಗಳವರೆಗೆ ಶಕ್ತಿಯು ತಗ್ಗುವುದಕ್ಕೆ ಬದಲಾಗಿ ಏರುವುದು. ಲಗಾಮನ್ನು ಎಳೆದೊಡನೆ ಮೊದಲು ಮುನ್ನುಗ್ಗುವ ಕುದುರೆಯಂತೆಯೇ ಸರಿ.

ಈ ಗುಣವು ೧೯೮೩ರಲ್ಲಿ ಇಗ್ನಾಲಿನದ ಮೊದಲನೆಯ ರಿಯಾಕ್ಟರಿನ ಪರೀಕ್ಷೆಗಳಲ್ಲಿಯೇ ಕಂಡುಬಂದಿತು. ಇತರ ವಿದ್ಯುದಾಗಾರಗಳಿಗೆ ತಿಳಿಸಿಯೂ ಇದ್ದರು, ತಿದ್ದುವುದಾಗಿಯೂ ಹೇಳಿದ್ದರು. ತಿದ್ದಲಿಲ್ಲ. ೧೯೮೬ರ ಏಪ್ರಿಲ್ ೨೬ರಂದು ಚೆರ್ನೋಬಿಲಿನ ನಾಲ್ಕನೆಯ ರಿಯಾಕ್ಟರಿನಲ್ಲಿ, ಬಹುಪಾಲು ದಂಡಗಳು ಮೇಲಿದ್ದಾಗ, ನಿಲುಗಡೆಯ ಗುಂಡಿಯನ್ನು ಒತ್ತಿದ ಕೆಲವೇ ಸೆಕೆಂಡುಗಳಲ್ಲಿ ಅದು ಒಡೆದುಹೋಯಿತು. ಅದೇ ವರ್ಷ ಅಂತರರಾಷ್ಟ್ರೀಯ ಪರಮಾಣುಶಕ್ತಿ ಸಂಸ್ಥೆಯ ತಜ್ಞರು ದೋಷವನ್ನು ಪ್ರಧಾನವಾಗಿ ನಡೆಸುವವರ ಮೇಲೆ ಹೊರಿಸಿದರು. ೧೯೯೨ರಲ್ಲಿ, ಇಗ್ನಾಲಿನದ ಸಂಗತಿಯೂ ಬೆಳಕಿಗೆ ಬಂದ ಬಳಿಕ, ಆ ನಿರ್ಣಯವನ್ನು ಪರಿಷ್ಕರಿಸಿ ರಚನೆಯ ದೋಷಕ್ಕೆ ಹೆಚ್ಚು ಭಾರವನ್ನು ಕೊಟ್ಟರು. ಗುಂಡಿಯೊತ್ತಿದವರ ತಪ್ಪುಗಳು ಇಲ್ಲವೆಂದಲ್ಲ. ನಿಲ್ಲಿಸುವ ಸಾಧನವೇ ಕೆರಳಿಸುವುದೆಂಬುದನ್ನು ಮೂರು ವರ್ಷಗಳ ಹಿಂದೆಯೇ ಬಲ್ಲವರಿದ್ದರೆಂಬುದು ಹೆಚ್ಚು ಗುರುತರವಾದುದು.

ಅನಂತರ ದಂಡಗಳನ್ನು ಮಾರ್ಪಡಿಸಿದರು, ಇಂಧನವನ್ನು ಬದಲಿಸಿದರು; ಇಗ್ನಾಲಿನದಲ್ಲಿ ರಿಯಾಕ್ಟರೊಂದರ ಶಾಖಶಕ್ತಿಯನ್ನು ೪೮೦೦ ಮೆಗಾವ್ಯಾಟಿನಿಂದ ೪೨೦೦ಕ್ಕೆ ಇಳಿಸಿದರು. ಆದರೂ ಐರೋಪ್ಯ ಒಕ್ಕೂಟವು ಲಿಥುವೇನಿಯವನ್ನು ಸೇರಿಸಿಕೊಳ್ಳುವಾಗ ಇವೆರಡನ್ನೂ ಮುಚ್ಚಬೇಕೆಂದು ವಿಧಿಸಿತು. ಮೊದಲನೆಯದನ್ನು ೨೦೦೪ರ ದಶಂಬರ ೩೧ರಂದು, ಎರಡನೆಯದನ್ನು ೨೦೦೯ರ ಅದೇ ದಿನ ಆರಿಸಿದರು. ಅದುವರೆಗೆ ಹೊರಗಿನವರಿಗೆ ವಿದ್ಯುತ್ತನ್ನು ಮಾರುತ್ತಿದ್ದ ದೇಶವು ಮರುವರ್ಷ ಅದನ್ನು ಕೊಳ್ಳತೊಡಗಿತು.