ಶರತ್ಕಾಲದಲ್ಲಿ ಆಗಮಿಸುವ ಉಲಿಯಕ್ಕಿಗಳನ್ನು ಗುರುತಿಸುವ ಬಗೆ: ಅರ್ಜಿದಾರರಿಗೆ ಹಾಗೂ ಸಾರ್ವಜನಿಕರಿಗೆ ಮಾಹಿತಿ

ನೈಋತ್ಯ ಮುಂಗಾರು ಹಿಂದೆ ಸರಿಯುವ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಹಿಮಾಲಯದಿಂದಲೂ ಅದರಾಚೆಯ ಉತ್ತರದ ನಾಡುಗಳಿಂದಲೂ ಹಲವು ಜಾತಿಯ ಉಲಿಯಕ್ಕಿಗಳು ಕರ್ನಾಟಕಕ್ಕೆ ವಲಸೆ ಬರುತ್ತವೆ. ಚಳಿಗಾಲವನ್ನು ಇಲ್ಲಿ ಕಳೆದು ಬೇಸಿಗೆಯಲ್ಲಿ ಮರಳುತ್ತವೆ. ಅಭಯಾರಣ್ಯಗಳಲ್ಲಿ ಪಕ್ಷಿ ಅಧ್ಯಯನಕ್ಕಾಗಿ ಅನುಮತಿ ಕೋರುವವರು ಹಾಗೂ ಪಕ್ಷಿ ಗಣತಿಯಲ್ಲಿ ಸ್ವಯಂಸೇವಕರಾಗಿ ಪಾಲ್ಗೊಳ್ಳುವವರು ಈ ಹಕ್ಕಿಗಳನ್ನು ದಾಖಲಿಸುವಾಗ ಎದುರಿಸುವ ತೊಡಕುಗಳನ್ನು ಗಮನದಲ್ಲಿರಿಸಿಕೊಂಡು ಈ ಮಾಹಿತಿಯನ್ನು ನೀಡಲಾಗಿದೆ.

ಗುರುತಿಸುವುದು ಏಕೆ ಕಷ್ಟ?

ಬಾತುಕೋಳಿ ಮುಂತಾದ ವಲಸೆ ಹಕ್ಕಿಗಳಲ್ಲಿ ಗಂಡು ಹೆಣ್ಣುಗಳ ಬಣ್ಣವೇ ಬೇರೆಯಾಗಿದ್ದು, ಕೆರೆಯ ದಂಡೆಯಲ್ಲಿ ನಿಂತು ನಿಧಾನವಾಗಿ ನೋಡಲು ಅವಕಾಶವಿರುತ್ತದೆ. ಎಲೆ ಉಲಿಯಕ್ಕಿಗಳಲ್ಲಿ ಈ ಅನುಕೂಲವಿರುವುದಿಲ್ಲ. ಗಂಡು ಹೆಣ್ಣು ಒಂದೇ ಬಣ್ಣ. ಜಾತಿಜಾತಿಗೂ ಅದೇ ಎಲೆಹಸಿರು ಬೆನ್ನು, ಅದೇ ಮಸುಕು ಹೊಟ್ಟೆ. ಗಾತ್ರ ಸುಮಾರು 10 ರಿಂದ 13 ಸೆಂಟಿಮೀಟರ್ ಮಾತ್ರ. ಎಲೆಗಳ ನಡುವೆ ಹುಳು ಹುಡುಕುತ್ತಾ ಒಂದೆಡೆ ನಿಲ್ಲದೆ ಸಂಚರಿಸುವುದು ಇವುಗಳ ಸ್ವಭಾವ.

ಇದಲ್ಲದೆ ಗರಿಗಳ ಸವೆತವೂ ಒಂದು ಮುಖ್ಯ ಕಾರಣವಾಗಿರುತ್ತದೆ. ರೆಕ್ಕೆಯ ಮೇಲೆ ಕಾಣುವ ಮಸುಕು ಪಟ್ಟಿಯು ಬೇರೆ ಗರಿಯಲ್ಲ; ರೆಕ್ಕೆಯನ್ನು ಮುಚ್ಚುವ ಸಣ್ಣ ಗರಿಗಳ ತಿಳಿಬಣ್ಣದ ತುದಿಗಳು ಸಾಲಾಗಿ ಸೇರಿ ಆ ಪಟ್ಟಿಯಾಗುತ್ತದೆ. ತುದಿ ಸವೆದಲ್ಲಿ ಪಟ್ಟಿಯೂ ಅಳಿಯುತ್ತದೆ. ಅದೇ ಬೇಸಿಗೆಯಲ್ಲಿ ಹುಟ್ಟಿದ ಮರಿಗಳ ಗರಿ ಹೊಸದಾಗಿದ್ದು ಪಟ್ಟಿ ಸ್ಪಷ್ಟವಾಗಿರುತ್ತದೆ. ಸಾವಿರಾರು ಕಿಲೋಮೀಟರ್ ಹಾರಿ ಬಂದ ವಯಸ್ಕ ಹಕ್ಕಿಗಳಲ್ಲಿ ಅದು ಕಂಡೂ ಕಾಣದಂತಿರಬಹುದು. ಆದ್ದರಿಂದ ಪುಸ್ತಕದ ಚಿತ್ರವನ್ನು ಮಾತ್ರ ನಂಬಿ ಹೆಸರು ಬರೆಯುವುದು ಸೂಕ್ತವಲ್ಲ.

ಧ್ವನಿಗೆ ಮೊದಲ ಸ್ಥಾನ

ವಲಸೆ ಬಂದ ಉಲಿಯಕ್ಕಿಗಳು ಚಳಿಗಾಲದಲ್ಲಿಯೂ ಆಗಾಗ್ಗೆ ಚಿಕ್ಕ ಕೂಗನ್ನು ಹೊರಡಿಸುತ್ತವೆ. ಬಣ್ಣಕ್ಕಿಂತ ಈ ಕೂಗು ಹೆಚ್ಚು ವಿಶ್ವಾಸಾರ್ಹ.

ರಾಜ್ಯದ ಊರು, ತೋಪು, ಕಾಡುಗಳಲ್ಲಿ ವ್ಯಾಪಕವಾಗಿ ಕಂಡುಬರುವ ಗ್ರೀನಿಷ್ ವಾರ್ಬ್ಲರ್ ಎರಡು ಅಕ್ಷರಗಳಲ್ಲಿ ‘ಚಿಸ್-ವೀ’ ಎಂದು ಕೂಗುತ್ತದೆ. ಬೆಂಗಳೂರಿನ ಮಳೆಮರಗಳಲ್ಲಿಯೂ ಇದನ್ನು ಕೇಳಬಹುದಾಗಿದೆ. ಕಣ್ಣಿನ ಮೇಲೆ ಉದ್ದನೆಯ ಬಿಳಿಚಿದ ಹುಬ್ಬು, ರೆಕ್ಕೆಯಲ್ಲಿ ಒಂದು ತೆಳು ಪಟ್ಟಿ, ತಿಳಿಬಣ್ಣದ ಕೆಳಕೊಕ್ಕು ಇದರ ಲಕ್ಷಣಗಳು. ಇದರ ಹತ್ತಿರದ ಬಂಧು ಗ್ರೀನ್ ವಾರ್ಬ್ಲರ್ ಕಾಕಸಸ್ ಪರ್ವತಗಳು, ಉತ್ತರ ಟರ್ಕಿ ಮತ್ತು ಉತ್ತರ ಇರಾನಿನಲ್ಲಿ ಮರಿಮಾಡಿ, ಪಶ್ಚಿಮ ಘಟ್ಟಗಳಿಗೆ ಹಾಗೂ ಶ್ರೀಲಂಕಾಕ್ಕೆ ಬರುತ್ತದೆ. ಹೊಸ ಗರಿಯಿದ್ದಾಗ ಇದರ ಮುಖ ಮತ್ತು ಎದೆಯ ಮೇಲೆ ಹಳದಿ ಛಾಯೆ ಎದ್ದು ಕಾಣುತ್ತದೆ. ಗರಿ ಸವೆದ ಮೇಲೆ ಎರಡನ್ನೂ ಕಣ್ಣಿನಿಂದ ಬೇರ್ಪಡಿಸುವುದು ಅನುಭವಿಗಳಿಗೂ ಸುಲಭವಲ್ಲ. ಆದರೆ ಇದರ ಕೂಗು ‘ಚಿ-ರು-ವೀ’ ಎಂದು ಮೂರು ಅಕ್ಷರಗಳದ್ದು. ಎರಡೋ ಮೂರೋ ಎಂದು ಎಣಿಸಿಕೊಳ್ಳುವ ಅಭ್ಯಾಸ ಇಲ್ಲಿ ಬಹಳ ಉಪಯುಕ್ತ.

ಹಿಮಾಲಯದಿಂದ ಘಟ್ಟಗಳ ದಟ್ಟ ಕಾಡಿಗೆ ಬರುವ ದೊಡ್ಡ ಕೊಕ್ಕಿನ ಎಲೆ ಉಲಿಯಕ್ಕಿಯು ಒಂದು ತಗ್ಗಿದ ಸ್ವರ, ಅದರ ಹಿಂದೆಯೇ ಒಂದು ಏರಿದ ಸ್ವರವನ್ನು ಸಿಳ್ಳೆಯಂತೆ ಹೊರಡಿಸುತ್ತದೆ. ಒಮ್ಮೆ ಕೇಳಿದವರು ಮರೆಯುವುದಿಲ್ಲ. ವೆಸ್ಟರ್ನ್ ಕ್ರೌನ್ಡ್ ವಾರ್ಬ್ಲರ್‌ಗೆ ನೆತ್ತಿಯ ನಡುವೆ ಮಸುಕು ಗೆರೆ ಇರುವುದರಿಂದ ಗುರುತಿಸುವುದು ಸುಲಭ. ಆದರೆ ಅದು ಎತ್ತರದ ಮರಗಳಲ್ಲಿರುತ್ತದೆಯಾಗಿ ನೆತ್ತಿ ಕಾಣುವುದೇ ಅಪರೂಪ.

ಕಂದು ಬಣ್ಣದವು

ಬ್ಲಿತ್ಸ್ ರೀಡ್ ವಾರ್ಬ್ಲರ್ ಹೆಸರಿನಲ್ಲಿ ಜೊಂಡು ಇದ್ದರೂ, ಇಲ್ಲಿ ಅದು ಬೇಲಿ, ಪೊದೆ, ಲಂಟಾನ ಮೆಳೆಗಳಲ್ಲಿಯೇ ಹೆಚ್ಚಾಗಿರುತ್ತದೆ. ಕಣ್ಣಿಗೆ ಬೀಳುವ ಮೊದಲೇ ‘ಚಕ್, ಚಕ್’ ಎಂಬ ಗಡಸು ಧ್ವನಿ ಕೇಳುತ್ತದೆ. ನಿಜವಾಗಿ ಜೊಂಡಿನಲ್ಲಿರುವುದು ಅದಕ್ಕಿಂತ ಬಹಳ ದೊಡ್ಡದಾದ ಕ್ಲಾಮರಸ್ ರೀಡ್ ವಾರ್ಬ್ಲರ್. ಬಯಲು ಸೀಮೆಯ ಜಾಲಿಗಿಡಗಳಲ್ಲಿ ಬೂಟೆಡ್ ಮತ್ತು ಸೈಕ್ಸ್ ವಾರ್ಬ್ಲರ್‌ಗಳು ಚಳಿಗಾಲ ಕಳೆಯುತ್ತವೆ. ಇವೆರಡರ ವ್ಯತ್ಯಾಸ ಅತ್ಯಲ್ಪವಾದುದರಿಂದ ಛಾಯಾಚಿತ್ರವಿಲ್ಲದೆ ಹೆಸರು ನಮೂದಿಸದಿರುವುದು ಉತ್ತಮ.

ದಾಖಲಿಸುವ ಕ್ರಮ

ತಪ್ಪು ದಾಖಲೆಯ ಪರಿಣಾಮ ಸಣ್ಣದಲ್ಲ. ಟೈಟ್ಲರ್ಸ್ ಎಲೆ ಉಲಿಯಕ್ಕಿಯು ವಾಯವ್ಯ ಹಿಮಾಲಯದ ಸೀಮಿತ ಪ್ರದೇಶದಲ್ಲಿ ಮಾತ್ರ ಮರಿಮಾಡಿ, ಚಳಿಗಾಲಕ್ಕೆ ಪಶ್ಚಿಮ ಘಟ್ಟಗಳಿಗೆ ಬರುತ್ತದೆ. ಇದಕ್ಕೆ ರೆಕ್ಕೆಪಟ್ಟಿ ಇರುವುದಿಲ್ಲ. ಪಟ್ಟಿ ಸವೆದುಹೋದ ಸಾಮಾನ್ಯ ಗ್ರೀನಿಷ್ ವಾರ್ಬ್ಲರ್ ಒಂದನ್ನು ಟೈಟ್ಲರ್ಸ್ ಎಂದು ಬರೆದರೆ, ಆ ಹಕ್ಕಿ ಇಲ್ಲದ ಕಾಡಿನಲ್ಲಿ ಅದು ಇದೆಯೆಂದಾಗುತ್ತದೆ; ಹೀಗೆ ಬರೆದ ಹತ್ತು ದಾಖಲೆಗಳು ಸೇರಿದರೆ, ಅದರ ಸಂಖ್ಯೆ ಕುಸಿಯುತ್ತಿದ್ದರೂ ಯಾರಿಗೂ ತಿಳಿಯದಂತಾಗುತ್ತದೆ. ಟೈಟ್ಲರ್ಸ್ ಎಂದು ನಮೂದಿಸುವ ಮುನ್ನ ಅದರ ಉದ್ದವಾದ, ತೆಳ್ಳಗಿನ, ಗಾಢಬಣ್ಣದ ಕೊಕ್ಕನ್ನು ಸ್ಪಷ್ಟವಾಗಿ ನೋಡಿರಬೇಕು.

ಲೆಕ್ಕಪತ್ರದಲ್ಲಿ ತಾಳೆಯಾಗದ ಮೊತ್ತವನ್ನು ಊಹೆಯ ಮೇಲೆ ಯಾವುದೋ ಶೀರ್ಷಿಕೆಗೆ ಹಾಕದೆ ಅನಾಮತ್ತು ಖಾತೆಯಲ್ಲಿರಿಸುವುದು ಸರಿಯಾದ ಪದ್ಧತಿ. ಅದೇ ರೀತಿ ಖಚಿತವಾಗದ ಹಕ್ಕಿಯನ್ನು ‘ಎಲೆ ಉಲಿಯಕ್ಕಿ, ಜಾತಿ ಖಚಿತವಿಲ್ಲ’ ಎಂದು ಬರೆಯುವುದು ಕೊರತೆಯಲ್ಲ. ಅದರ ಮುಂದೆ ದಿನಾಂಕ, ಸ್ಥಳ, ಮರ ಅಥವಾ ಪೊದೆಯ ವಿವರ ಹಾಗೂ ಕೇಳಿದ ಕೂಗನ್ನು ಕೇಳಿದಂತೆಯೇ ಕನ್ನಡದಲ್ಲಿ ಬರೆದಿಡತಕ್ಕದ್ದು. ಮೊಬೈಲ್ ದೂರವಾಣಿಯಲ್ಲಿ ಮಾಡಿದ ಧ್ವನಿಮುದ್ರಣ ಸಾಧಾರಣವಾಗಿದ್ದರೂ, ಮಸುಕಾದ ಛಾಯಾಚಿತ್ರಕ್ಕಿಂತ ಅದೇ ಹೆಚ್ಚಿನ ಪುರಾವೆಯಾಗುತ್ತದೆ.

ಅನುಮತಿಗೆ ಸಂಬಂಧಿಸಿದಂತೆ

ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಕಲಂ 28ರ ಮೇರೆಗೆ ವನ್ಯಜೀವಿಗಳ ಅಧ್ಯಯನ, ಛಾಯಾಗ್ರಹಣ, ವೈಜ್ಞಾನಿಕ ಸಂಶೋಧನೆ ಮತ್ತು ಪ್ರವಾಸದ ಉದ್ದೇಶಗಳಿಗಾಗಿ ಅಭಯಾರಣ್ಯ ಪ್ರವೇಶಿಸಲು ಮುಖ್ಯ ವನ್ಯಜೀವಿ ಪರಿಪಾಲಕರು ಅನುಮತಿ ನೀಡಬಹುದಾಗಿದೆ. ನೋಡುವ ಅನುಮತಿಯು ಹಿಡಿಯುವ ಅನುಮತಿಯಲ್ಲ ಎಂಬುದನ್ನು ಅರ್ಜಿದಾರರು ಗಮನಿಸಬೇಕು. ಹಿಡಿಯುವುದೂ ಬಲೆ ಒಡ್ಡುವುದೂ ಅಧಿನಿಯಮದಲ್ಲಿ ‘ಬೇಟೆ’ ಎಂಬ ಪದದ ವ್ಯಾಪ್ತಿಗೆ ಒಳಪಡುತ್ತವೆ. ಕಲಂ 27ರ ಪ್ರಕಾರ ಅಭಯಾರಣ್ಯದಲ್ಲಿ ವನ್ಯಜೀವಿಗಳನ್ನು ಪೀಡಿಸುವುದು ನಿಷಿದ್ಧವಾಗಿದ್ದು, ಮುದ್ರಿತ ಕೂಗನ್ನು ಪದೇ ಪದೇ ನುಡಿಸಿ ಹಕ್ಕಿಯನ್ನು ಕರೆಯುವ ಪದ್ಧತಿಯನ್ನು ಕೈಬಿಡಬೇಕು.

ಕಾಲಿನಲ್ಲಿ ಲೋಹದ ಉಂಗುರವಿರುವ ಹಕ್ಕಿಯು ಸತ್ತ ಸ್ಥಿತಿಯಲ್ಲಿ ದೊರೆತಲ್ಲಿ, ಉಂಗುರದ ಮೇಲಿನ ಬರಹ ಹಾಗೂ ಸಂಖ್ಯೆಯನ್ನು ಪೂರ್ಣವಾಗಿ ಬರೆದುಕೊಂಡು ಹತ್ತಿರದ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ತಿಳಿಸಬಹುದು. ಭಾರತದಲ್ಲಿ ತೊಡಿಸಲಾದ ಉಂಗುರಗಳ ಬಗ್ಗೆ ಮುಂಬಯಿಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ನೇರವಾಗಿ ಪತ್ರ ಬರೆಯಲೂ ಅವಕಾಶವಿರುತ್ತದೆ.