ದೀಪದಡಿಯ ಸಸಿಮಡಿ

ಮಾರ್ಚ್ ತಿಂಗಳಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಮಣ್ಣಿಗೆ ಗುದ್ದಲಿ ಇಳಿಯುವುದಿಲ್ಲ, ನೆಲ ಹೆಪ್ಪುಗಟ್ಟಿರುತ್ತದೆ. ರಾತ್ರಿಯ ಉಷ್ಣತೆ ಶೂನ್ಯಕ್ಕಿಂತ ಮೇಲೆ ನೆಲೆ ನಿಲ್ಲಲು ಮೇ ನಡುವಿನವರೆಗೆ ಕಾಯಬೇಕು. ಅಕ್ಟೋಬರ್ ಬಂತೆಂದರೆ ಮತ್ತೆ ಅದೇ ಕೊರೆತ. ಬದನೆ ಸಸಿ ನಾಟಿಗೆ ಬರಲು 8ರಿಂದ 10 ವಾರ ಬೇಕು, ನೆಟ್ಟ ಮೇಲೆ ಕಾಯಿ ಕೊಯ್ಯಲು ಇನ್ನೂ ಎರಡು, ಎರಡೂವರೆ ತಿಂಗಳು. ಬೀಜವನ್ನು ನೇರ ನೆಲಕ್ಕೆ ಹಾಕಿದರೆ ಕಾಯಿ ಕಚ್ಚುವ ಹೊತ್ತಿಗೆ ಬೇಸಿಗೆಯೇ ಮುಗಿದಿರುತ್ತದೆ. ಹಾಗಾಗಿ ಎಣ್ಣೆಗಾಯಿಗೆ ಹಿತ್ತಲ ಬದನೆಯೇ ಆಗಬೇಕೆನ್ನುವ ಅಲ್ಲಿನ ಕನ್ನಡಿಗರೂ ನೆರೆಹೊರೆಯವರಂತೆ ಮಾರ್ಚ್‌ನಲ್ಲೇ ಮನೆಯೊಳಗೆ ಟ್ರೇ ಜೋಡಿಸಿ, ಮೇಲೆ ಎಲ್‌ಇಡಿ ದೀಪ ತೂಗುಹಾಕುತ್ತಾರೆ. ಇದೇ ಸಸಿಗೆ ಕೋಲಾರದ ನರ್ಸರಿಗಳಲ್ಲಿ ನೆರಳುಪರದೆ ಕಟ್ಟುತ್ತಾರೆ.

ಬಿಸಿಲು ಬೀಳುವ ಕಿಟಕಿ ಇರುವಾಗ ದೀಪ ಯಾಕೆ? ಇಲ್ಲಿ ನಮ್ಮ ಕಣ್ಣನ್ನು ನಂಬುವಂತಿಲ್ಲ. ಬೆಳಕು ಹೆಚ್ಚು ಕಡಿಮೆಯಾದ ಹಾಗೆ ಕಣ್ಣು ತಾನೇ ಹೊಂದಿಕೊಂಡುಬಿಡುತ್ತದೆ. ನಡುಹಗಲ ಬಯಲಿನಲ್ಲಿ ಸುಮಾರು 1,00,000 ಲಕ್ಸ್ ಬೆಳಕು ಇರುತ್ತದೆ. ರಾತ್ರಿ ದೀಪ ಹಾಕಿದ ನಡುಮನೆಯಲ್ಲಿ ಇರುವುದು ಒಂದೆರಡು ನೂರು ಲಕ್ಸ್. ಎರಡೂ ಕಡೆ ನಾವು ಪತ್ರಿಕೆ ಓದುತ್ತೇವೆ. ಕಿಟಕಿಯಿಂದ ನಾಲ್ಕು ಅಡಿ ಒಳಗಿಟ್ಟ ಟ್ರೇ ನಮಗೆ ಬೆಳಕಿನಲ್ಲಿದೆ ಅನಿಸಿದರೂ ಸಸಿಯ ಪಾಲಿಗೆ ಅದು ಕತ್ತಲೆಯ ಅಂಚು.

ಅಂಥ ಸಸಿ ದಾರದ ಹಾಗೆ ಉದ್ದವಾಗಿ, ಬಿಳಿಚಿ, ಕಿಟಕಿಯತ್ತ ವಾಲುತ್ತದೆ. ಬೀಜ ಸರಿಯಿಲ್ಲ, ಗೊಬ್ಬರ ಸಾಲದು ಎಂದು ಹಲವರು ಅದರ ಬುಡಕ್ಕೆ ಗೊಬ್ಬರ ಸುರಿಯುತ್ತಾರೆ. ಆದರೆ ಸಸಿ ದುರ್ಬಲವಾಗಿ ಹುಟ್ಟಿದ್ದಲ್ಲ. ಬೆಳಕು ಅದಕ್ಕೆ ಅನ್ನವಷ್ಟೇ ಅಲ್ಲ, ಹೊರಜಗತ್ತಿನ ಸುದ್ದಿ ಕೂಡ. ಬೆಳಕು ಇನ್ನೂ ಮೇಲೆಲ್ಲೋ ಇದೆ ಎಂಬ ಸುದ್ದಿಯನ್ನು ನಂಬಿ, ಇದ್ದಬದ್ದ ಕಸುವನ್ನೆಲ್ಲ ಅದು ಎತ್ತರಕ್ಕೇರಲು ಹಾಕಿದೆ.

ಬದನೆ ಮೊಳಕೆ ಮೇಲೆದ್ದು ಬರುವುದನ್ನು ಭೂತಗನ್ನಡಿ ಹಿಡಿದು ನೋಡಿ. ಮೊದಲು ಕಾಣುವುದು ತುದಿಯಲ್ಲ, ಬಿಳಿಯ ಬಾಗಿದ ಕಾಂಡ. ತಲೆ ಕೆಳಗೆ ಮಾಡಿ, ಎರಡು ಬೀಜದಳಗಳನ್ನು ಒತ್ತಾಗಿ ಮುಚ್ಚಿಕೊಂಡು, ಬೆನ್ನಿನಿಂದ ಮಣ್ಣನ್ನು ತಳ್ಳುತ್ತ ಅದು ಏಳುತ್ತದೆ. ಎಳೆಯ ಸುಳಿಗೆ ಮಣ್ಣು ತರಚಬಾರದಲ್ಲ! ಬೆಳಕು ತಾಗಿದ ಮೇಲೆ ಕಾಂಡದ ಓಟ ನಿಧಾನವಾಗಿ, ಕೊಕ್ಕೆ ಬಿಚ್ಚಿಕೊಳ್ಳುತ್ತದೆ, ದಳಗಳು ಅಗಲವಾಗಿ ಹಸಿರಾಗುತ್ತವೆ. ಬೆಳಕು ಮಂದವಾಗಿದ್ದರೆ ಕಾಂಡದ ಓಟ ಸರಿಯಾಗಿ ನಿಲ್ಲುವುದೇ ಇಲ್ಲ.

ಬೆಳಕು ತರುವ ಈ ಸುದ್ದಿಯನ್ನು ಗಿಡದಲ್ಲಿ ಓದುವುದು ಯಾವುದು? 1952ರಲ್ಲಿ ಅಮೆರಿಕದ ಬೆಲ್ಟ್ಸ್‌ವಿಲ್ ಕೃಷಿ ಸಂಶೋಧನಾ ಕೇಂದ್ರದ ಹ್ಯಾರಿ ಬಾರ್ತ್‌ವಿಕ್, ಸ್ಟರ್ಲಿಂಗ್ ಹೆಂಡ್ರಿಕ್ಸ್ ಮತ್ತು ಸಂಗಡಿಗರು ಲೆಟಿಸ್ ಬೀಜಗಳ ಮೇಲೆ ಎರಡು ಬಗೆಯ ಬೆಳಕನ್ನು ಸರದಿಯಾಗಿ ಬಿಟ್ಟು ನೋಡಿದರು. ಒಂದು ಮಾಮೂಲಿ ಕೆಂಪು, ಇನ್ನೊಂದು ಕಣ್ಣಿಗೆ ಕಂಡೂ ಕಾಣದಂಥ ಅಂಚಿನ ಕೆಂಪು. ಕೊನೆಗೆ ಬಿದ್ದದ್ದು ಕೆಂಪಾದರೆ ಬೀಜ ಮೊಳೆಯಿತು, ಅಂಚಿನ ಕೆಂಪಾದರೆ ಮಲಗಿಯೇ ಇತ್ತು. ಎಷ್ಟು ಸಲ ಅದಲುಬದಲು ಮಾಡಿದರೂ ಕೊನೆಯ ಬೆಳಕಿನದೇ ತೀರ್ಮಾನ. ಹೀಗೆ ಸುಳಿವು ಕೊಟ್ಟ ವರ್ಣದ್ರವ್ಯಕ್ಕೆ ಮುಂದೆ ಫೈಟೋಕ್ರೋಮ್ ಎಂಬ ಹೆಸರಾಯಿತು. ಇಷ್ಟು ಸರಳ ಪ್ರಯೋಗ ಇಷ್ಟು ದೊಡ್ಡ ಬಾಗಿಲು ತೆರೆದದ್ದು ಸಸ್ಯವಿಜ್ಞಾನದಲ್ಲಿ ಅಪರೂಪ.

ಎಲೆ ಕೆಂಪನ್ನು ಹೀರಿಕೊಳ್ಳುತ್ತದೆ, ಅಂಚಿನ ಕೆಂಪನ್ನು ಬಹುಮಟ್ಟಿಗೆ ಆಚೆ ಬಿಡುತ್ತದೆ. ಪಕ್ಕದ ಗಿಡದಿಂದ ಅಂಚಿನ ಕೆಂಪು ಜಾಸ್ತಿ ಬಂತೆಂದರೆ ಸಸಿಗೆ ಅರ್ಥ ಒಂದೇ: ಪೈಪೋಟಿ ಹತ್ತಿರದಲ್ಲಿದೆ, ಮೇಲೇರು. ಟ್ರೇಯಲ್ಲಿ ಒತ್ತೊತ್ತಾಗಿ ಬಿತ್ತಿದ ಸಸಿಗಳು ಒಳ್ಳೆಯ ದೀಪದಡಿಯೂ ಉದ್ದವಾಗುವುದು ಇದರಿಂದಲೇ. ಹಳೆಯ ಹಳದಿ ಬಲ್ಬು ಸಸಿಗೆ ಒಗ್ಗದಿರುವುದಕ್ಕೂ ಇದೇ ಕಾರಣ. ಅದರ ಬೆಳಕಿನಲ್ಲಿ ಅಂಚಿನ ಕೆಂಪು ಧಾರಾಳ. ನೀಲಿ ಬೆಳಕು ಇದಕ್ಕೆ ತದ್ವಿರುದ್ಧ, ಕಾಂಡವನ್ನು ಗಿಡ್ಡವಾಗಿ ಗಟ್ಟಿಯಾಗಿ ಇಡುತ್ತದೆ.

ಹಾಗೆಂದು ನೇರಳೆ ಬಣ್ಣ ಸೂಸುವ ದುಬಾರಿ ದೀಪವೇ ಬೇಕೆಂದಿಲ್ಲ. ಗಿಡಕ್ಕೆ ಹಸಿರು ಬೆಳಕು ಬೇಡವೇ ಬೇಡ ಎಂಬ ಮಾತನ್ನು 1972ರಲ್ಲೇ ವಿಜ್ಞಾನಿ ಕೀತ್ ಮೆಕ್ರೀ ಅಲ್ಲಗಳೆದಿದ್ದರು; 22 ಬೆಳೆಗಳನ್ನು ಅಳೆದು, ಹಸಿರೂ ದ್ಯುತಿಸಂಶ್ಲೇಷಣೆಗೆ ಒದಗುತ್ತದೆಂದು ತೋರಿಸಿದ್ದರು. ನೀಲಿ ಎಲ್‌ಇಡಿಗೆ ಫಾಸ್ಫರ್ ಲೇಪ ಕೊಟ್ಟು ಮಾಡಿದ ಸಾಮಾನ್ಯ ಬಿಳಿ ಟ್ಯೂಬ್‌ಲೈಟೇ ಸಸಿಗೆ ಸಾಕು. ಬಣ್ಣಕ್ಕಿಂತ ದೂರ ಮುಖ್ಯ. ಸಣ್ಣ ಬಲ್ಬಿನಿಂದ ಎರಡು ಪಟ್ಟು ದೂರ ಹೋದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಉದ್ದನೆಯ ಟ್ಯೂಬಿನಲ್ಲಿ ಇಳಿತ ಅಷ್ಟು ಕಡಿದಲ್ಲದಿದ್ದರೂ ಇದ್ದೇ ಇದೆ. ಎಲೆಯ ಮಟ್ಟದಲ್ಲಿ 15,000 ಲಕ್ಸ್‌ನಷ್ಟು ಬೆಳಕು ದಿನಕ್ಕೆ 16 ಗಂಟೆ ಸಿಕ್ಕರೆ ಬದನೆ, ಮೆಣಸಿನಕಾಯಿ, ಟೊಮೆಟೊ ಸಸಿಗಳು ಚೆನ್ನಾಗಿ ಮೈತುಂಬುತ್ತವೆ. ಮೊಬೈಲಿನ ಲಕ್ಸ್ ಮೀಟರ್ ಆ್ಯಪ್ ಅಂದಾಜಿಗೆ ಸಾಕು. ಸಸಿ ಬೆಳೆದಂತೆ ದೀಪವನ್ನೂ ಮೇಲೆತ್ತುತ್ತಿರಬೇಕು. ರಾತ್ರಿಯಿಡೀ ಉರಿಸುವುದು ಬೇಡ: ಕತ್ತಲೆಯೇ ಸಿಗದ ಟೊಮೆಟೊ, ಬದನೆಗಳ ಎಲೆ ಹಳದಿಗಟ್ಟುತ್ತದೆ.

ಮೊಳೆಯಲು ಮಾತ್ರ ಈ ಮೂರಕ್ಕೂ ಬೆಳಕಿಗಿಂತ ಬಿಸುಪು ಮುಖ್ಯ. ಮಣ್ಣು 25ರಿಂದ 30 ಡಿಗ್ರಿ ಇರಲಿ. ಮಣ್ಣು ಸದಾ ತೊಪ್ಪೆಯಾಗಿದ್ದರೆ ಬುಡ ಕೊಳೆತು ಸಸಿ ರಾತ್ರೋರಾತ್ರಿ ಮಲಗುತ್ತದೆ. ಒಂದು ಸಣ್ಣ ಫ್ಯಾನ್ ಇಟ್ಟರೆ ಮೇಲ್ಮಣ್ಣು ಆರುತ್ತದೆ, ಅಲುಗಾಟಕ್ಕೆ ಕಾಂಡವೂ ದಪ್ಪವಾಗುತ್ತದೆ. ಮುಟ್ಟಿದರೆ, ಅಲುಗಿಸಿದರೆ ಗಿಡದ ಬೆಳವಣಿಗೆಯ ರೀತಿಯೇ ಬದಲಾಗುವುದನ್ನು 1973ರಲ್ಲಿ ಸಸ್ಯವಿಜ್ಞಾನಿ ಮಾರ್ಡೆಕೈ ಜಾಫೆ ವಿವರವಾಗಿ ದಾಖಲಿಸಿದ್ದಾರೆ.

ಮೇ ತಿಂಗಳಲ್ಲಿ ಸಸಿಯನ್ನು ನೇರ ಬಿಸಿಲಿಗೆ ತಂದಿಟ್ಟರೆ ಎರಡು ತಿಂಗಳ ಆರೈಕೆ ಒಂದೇ ಮಧ್ಯಾಹ್ನದಲ್ಲಿ ಮಣ್ಣುಪಾಲು. ದೀಪದಡಿ ಬೆಳೆದ ಎಲೆಯ ಮೇಣದ ಪದರ ತೆಳು, ಅತಿನೇರಳೆ ಕಿರಣ ಅದಕ್ಕೆ ಹೊಸದು. ಎಲೆ ಸುಟ್ಟು ಬೆಳ್ಳಗಾಗುತ್ತದೆ. ಮೊದಲ ದಿನ ನೆರಳಿನಲ್ಲಿ ಗಂಟೆ ಹೊತ್ತು ಇಟ್ಟು, ಒಂದು ವಾರ, ಹತ್ತು ದಿನ ಬಿಸಿಲನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸಬೇಕು. ಉದ್ದವಾಗಿ ಹೋದ ಟೊಮೆಟೊ ಸಸಿಯನ್ನು ಕುತ್ತಿಗೆಯವರೆಗೆ ಹೂತು ನೆಟ್ಟರೆ ಹೂತ ಕಾಂಡದುದ್ದಕ್ಕೂ ಬೇರು ಬರುತ್ತದೆ. ಬದನೆ, ಮೆಣಸಿನಕಾಯಿಗಳ ಕಾಂಡ ಅಷ್ಟು ಸುಲಭವಾಗಿ ಬೇರು ಬಿಡುವುದಿಲ್ಲ. ಮನೆಯಲ್ಲಿ ಒಂದೇ ದೀಪವಿದ್ದರೆ ಅದರಡಿಯ ಜಾಗ ಮೊದಲು ಈ ಎರಡಕ್ಕೆ.